ಮೊದಲು ಹೋಗಿ ನೋಡಿ ಬರುವವರು

ಲಂಡನ್ನಿನ ರೇನರ್ಸ್ ಲೇನಿನ ಸಮುದಾಯ ಭವನದಲ್ಲಿ ಪ್ರತಿ ಗುರುವಾರ ಸೇರುವ ಕನ್ನಡದ ಹಿರಿಯರು ಯಾವ ಊರಿಗೆ ಪ್ರವಾಸ ಹೊರಟರೂ, ಆ ಊರನ್ನು ನರಸಿಂಹಮೂರ್ತಿಗಳು ಒಬ್ಬರೇ ಮೊದಲು ಹೋಗಿ ನೋಡಿ ಬಂದಿರುತ್ತಾರೆ. ನೋಡುವುದೆಂದರೆ ಗೋಪುರವನ್ನಲ್ಲ, ಸಮುದ್ರವನ್ನಲ್ಲ. ಬಸ್ಸು ನಿಲ್ಲುವಲ್ಲಿಂದ ಶೌಚಾಲಯಕ್ಕೆ ಎಷ್ಟು ಹೆಜ್ಜೆ, ನಡುವೆ ಕೂರಲು ಎಷ್ಟು ಬೆಂಚು, ಮೆಟ್ಟಿಲಿದ್ದರೆ ಹಿಡಿದುಕೊಳ್ಳಲು ಕಂಬಿ ಇದೆಯೇ, ಬಿಸಿನೀರು ಕೇಳಿದರೆ ಮುಖ ಗಂಟಿಕ್ಕದ ಕೆಫೆ ಯಾವುದು. ಇದನ್ನೆಲ್ಲ ಎರಡು ಪುಟಗಳಲ್ಲಿ ದಪ್ಪಕ್ಷರದಲ್ಲಿ ಪ್ರಿಂಟ್ ಮಾಡಿಸಿ ಎಲ್ಲರ ಕೈಗೂ ಕೊಡುತ್ತಾರೆ.

ಈ ಅಭ್ಯಾಸ ಅವರಿಗೆ ಆಸ್ಪತ್ರೆಯ ಲ್ಯಾಬಿನಿಂದ ಬಂದದ್ದು. ಮೈಸೂರಿನಿಂದ ಬಂದು ಮೂವತ್ತೊಂದು ವರ್ಷ ರಕ್ತ ಪರೀಕ್ಷೆಯ ಟೆಕ್ನಿಷಿಯನ್ ಆಗಿದ್ದವರು. ಬೆಳಿಗ್ಗೆ ರೋಗಿಗಳ ರಕ್ತವನ್ನು ಯಂತ್ರಕ್ಕೆ ಕೊಡುವ ಮೊದಲು, ಫಲಿತಾಂಶ ಗೊತ್ತಿರುವ ಒಂದು ಸ್ಯಾಂಪಲ್ಲನ್ನು ಓಡಿಸಿ, ಯಂತ್ರ ಸರಿಯಾಗಿ ಹೇಳುತ್ತಿದೆಯೇ ಎಂದು ನೋಡಬೇಕು. ನೋಡದೆ ಒಂದು ದಿನವೂ ಕೆಲಸ ಶುರು ಮಾಡಿದವರಲ್ಲ. ಇಂದು ಎಂದು ಅವರ ಹೆಂಡತಿಯ ಹೆಸರು, ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು: "ನಮ್ಮೆಜಮಾನ್ರು ಮದುವೆಗೆ ಎರಡು ದಿನ ಮುಂಚೆನೇ ಛತ್ರಕ್ಕೆ ಹೋಗಿ ಎಲ್ಲಾ ನಲ್ಲಿನೂ ತಿರುಗಿಸಿ ನೋಡಿ ಬಂದಿದ್ರು. ನನ್ನನ್ನ ಮಾತ್ರ ನೋಡ್ಲಿಲ್ಲ."

ಗುರುವಾರದ ಗುಂಪಿನವರಿಗೆ ಆ ಹಾಳೆಗಳೆಂದರೆ ಪ್ರಾಣ. ಧಾರವಾಡದ ವೈದೇಹಿಯವರಿಗಂತೂ ಇನ್ನೂ ಹೆಚ್ಚು. ಎಪ್ಪತ್ನಾಲ್ಕು ವಯಸ್ಸು, ಸಕ್ಕರೆ ಕಾಯಿಲೆ. ಆರು ವರ್ಷದ ಹಿಂದೆ, ಹಾಳೆಗಳೇ ಇಲ್ಲದಿದ್ದ ಮೊದಲ ಪ್ರವಾಸದಲ್ಲಿ, ಒಂದು ಕಡಲತೀರದಲ್ಲಿ ಶೌಚಾಲಯ ಸಿಗದೆ ಅವರು ಬಸ್ಸಿನಲ್ಲೇ ಕೂತು ಅತ್ತಿದ್ದರು. ಆಮೇಲೆ ಎರಡು ವರ್ಷ ಮನೆ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಮೂರ್ತಿಗಳ ಹಾಳೆಯನ್ನು ಕೈಯಲ್ಲಿ ಹಿಡಿದೇ ಅವರು ಮತ್ತೆ ಹೊರಗೆ ಕಾಲಿಟ್ಟದ್ದು. ಆ ಋಣವನ್ನು ಅವರು ಎಲ್ಲರೆದುರಿಗೆ ಹೇಳುತ್ತಿದ್ದರು. ಹೇಳಿದಾಗಲೆಲ್ಲ ಮೂರ್ತಿಗಳು ಎದ್ದು ಟೀ ಸೋಸಲು ಹೋಗುತ್ತಿದ್ದರು.

ಈ ವರ್ಷ ಆರಿಸಿದ್ದು ಸ್ಲೌಸ್. ಹಾಲೆಂಡಿನ ತುದಿಯಲ್ಲಿ, ಬೆಲ್ಜಿಯಂ ಗಡಿಗೆ ಅಂಟಿಕೊಂಡಿರುವ ಪುಟ್ಟ ಊರು. ಏಪ್ರಿಲ್‌ನಲ್ಲಿ ಮೂರ್ತಿಗಳು ಒಬ್ಬರೇ ಹೋಗಿ ಎರಡು ದಿನ ಇದ್ದು ಬಂದರು. ಊರನ್ನು ಸುತ್ತುವ ಹಳೆಯ ಕೋಟೆದಿಬ್ಬದ ಮೇಲೆ ನಡೆಯಬಹುದು, ಏರು ಹೆಚ್ಚಿಲ್ಲ. ಸಾಲುಮರಗಳ ನಡುವಿನ ಕಾಲುವೆಯ ದಂಡೆ ಸಮತಟ್ಟಾಗಿದೆ, ಗಾಲಿಕುರ್ಚಿ ಹೋಗುತ್ತದೆ. ಗಾಳಿಗಿರಣಿಯ ಏಣಿ ತುಂಬ ಕಡಿದಾಗಿದೆ, ಕೆಳಗೆ ನಿಂತು ನೋಡಿದರೆ ಸಾಕು. ಗಂಟೆಗೋಪುರದಲ್ಲಿ ಮರದ ಗೊಂಬೆಯೊಂದು ಗಂಟೆ ಹೊಡೆಯುತ್ತದೆ, ನೋಡಲು ಎದುರಿಗೆ ಬೆಂಚುಗಳಿವೆ. ಹಾಳೆಯ ಊಟದ ಸಾಲಿನಲ್ಲಿ ಬರೆದರು: ಮೊಸರನ್ನ, ತೊಂದರೆಯಿಲ್ಲ. ಅವರು ಡಬ್ಬಿಯಲ್ಲಿ ಒಯ್ದಿದ್ದ ಮೊಸರನ್ನವನ್ನು ಕಾಲುವೆಯ ದಂಡೆಯಲ್ಲಿ ಕೂತು ಉಂಡಿದ್ದರು. ದಾರಿಯಲ್ಲಿ ಯಾರೂ ಚೀಲ ತೆಗೆಸಿ ನೋಡಿರಲಿಲ್ಲ. ಕೊನೆಯಲ್ಲಿ ಎಂದಿನಂತೆ ಇನ್ನೊಂದು ಸಾಲು: ಬೇರೆ ತಿಂಡಿ ತರಬೇಡಿ, ಚೀಲ ಭಾರವಾಗುತ್ತದೆ.

ಜೂನ್‌ನಲ್ಲಿ ಪ್ರವಾಸ. ಹಿಂದಿನ ದಿನ ಮೂರ್ತಿಗಳ ಹ್ಯಾರೋದ ಮನೆಯಲ್ಲಿ ಹೆಂಡತಿ ಇಂದು ಇನ್ನಿಬ್ಬರನ್ನು ಕರೆದುಕೊಂಡು ಇಪ್ಪತ್ನಾಲ್ಕು ಡಬ್ಬಿ ತುಂಬಿದರು. ಮಧ್ಯಾಹ್ನಕ್ಕೆ ಹುಳಿಯಾಗದಿರಲೆಂದು ಅನ್ನಕ್ಕೆ ಹಾಲು ಹೆಚ್ಚು ಹಾಕಿ, ಹೆಪ್ಪಿನಷ್ಟೇ ಮೊಸರು ಕಲೆಸಿದ್ದರು. ಬೆಳಿಗ್ಗೆ ಐದಕ್ಕೆ ಬಸ್ಸು ಹೊರಟಿತು. ಹಡಗಿನಲ್ಲಿ ಕಡಲು ದಾಟಿ ಫ್ರಾನ್ಸ್ ಕಡೆಗೆ ಇಳಿದಾಗ ಕಸ್ಟಮ್ಸ್‌ನವನೊಬ್ಬ ಬಸ್ಸು ಹತ್ತಿ, ಹಾಲು ಮೊಸರಿನ ಪದಾರ್ಥ ಏನಾದರೂ ಇದೆಯೇ ಎಂದು ಕೇಳಿದ. ಮೂರ್ತಿಗಳು ಸುಳ್ಳು ಹೇಳುವವರಲ್ಲ. ಇದೆ, ಇಪ್ಪತ್ನಾಲ್ಕು ಡಬ್ಬಿ ಎಂದರು. ಬ್ರಿಟನ್ನಿನಿಂದ ಅಂಥದ್ದನ್ನು ತರುವಂತಿಲ್ಲ, ನಿಯಮ ಬಂದು ವರ್ಷಗಳಾದವು ಎಂದು ಅವನು ವಿನಯದಿಂದಲೇ ಹೇಳಿ, ಕಸದ ಡಬ್ಬ ತೋರಿಸಿದ.

ಬೇರೆ ಯಾರನ್ನೂ ಇಳಿಯಲು ಬಿಡದೆ ಮೂರ್ತಿಗಳೇ ಒಂದೊಂದಾಗಿ ಎಲ್ಲ ಡಬ್ಬಿಯನ್ನೂ ಖಾಲಿ ಮಾಡಿದರು. ಒಗ್ಗರಣೆಯ ಇಂಗಿನ ವಾಸನೆ ಗಾಳಿಯಲ್ಲಿ ಎದ್ದಿತು. ಮತ್ತೆ ಬಂದು ಕೂತಾಗ ಪಕ್ಕದವರು ಕೈ ಒರೆಸಿಕೊಳ್ಳಲು ಟಿಶ್ಯೂ ಕೊಟ್ಟರು. ಬೈದಿದ್ದರೆ ವಾಸಿಯಿತ್ತು. ಒಂದೇ ಒಂದು ಸ್ಯಾಂಪಲ್ ನೋಡಿ ರಿಪೋರ್ಟ್ ಬರೆದುಬಿಟ್ಟೆನಲ್ಲ, ಲ್ಯಾಬಿಗೆ ಹೊಸದಾಗಿ ಸೇರಿದವರೂ ಮಾಡದ ತಪ್ಪು ಎಂದು ತಮ್ಮನ್ನೇ ಹಳಿದುಕೊಂಡರು. ಅದಕ್ಕಿಂತ ದೊಡ್ಡ ಚಿಂತೆ ವೈದೇಹಿಯವರದ್ದು. ಒಂದು ಗಂಟೆಗೆ ಊಟವಾಗದಿದ್ದರೆ ಅವರಿಗೆ ತಲೆ ಸುತ್ತುತ್ತದೆ, ಹೋಟೆಲಿನದ್ದನ್ನು ಮುಟ್ಟುವವರಲ್ಲ. ಇದೇ ನನ್ನ ಕೊನೆಯ ಪ್ರವಾಸ, ಇನ್ನು ಮುಂದೆ ಬೇರೆ ಯಾರಾದರೂ ನೋಡಿಕೊಳ್ಳಲಿ ಎಂದು ಅಲ್ಲೇ ತೀರ್ಮಾನಿಸಿದರು.

ಸ್ವಲ್ಪ ದೂರ ಹೋದ ಮೇಲೆ ಉದಯಶಂಕರ್ ಎದ್ದು ಡ್ರೈವರಿನ ಮೈಕು ಇಸಿದುಕೊಂಡರು. ನಿವೃತ್ತ ಎಂಜಿನಿಯರು, ಗುಂಪಿನಲ್ಲಿ ಎಲ್ಲರ ಕಾಲೆಳೆಯುವವರು.

"ಈಗ ಎಲ್ರೂ ನಿಜ ಹೇಳ್ಬೇಕು. ಯಾರ್ಯಾರ ಬ್ಯಾಗಲ್ಲಿ ಏನೇನ್ ಕದ್ದು ತಂದಿದೀರಾ? ಮೂರ್ತಿಗಳು ಕಿಟಕಿ ಕಡೆ ತಿರುಗಿ ಕೂತಿರ್ತಾರೆ, ಹೆದರ್ಕೋಬೇಡಿ."

ಮೊದಲು ಒಂದು ಜಿಪ್ಪು ತೆರೆದ ಸದ್ದು, ಆಮೇಲೆ ಬಸ್ಸಿನ ತುಂಬ ಅದೇ ಸದ್ದು. ಚಕ್ಕುಲಿ, ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ, ಬಾಳೆಹಣ್ಣು. ನಾಲ್ಕೈದು ಜನರ ಬಳಿ ಅವಲಕ್ಕಿ. ವೈದೇಹಿಯವರ ಚೀಲವೊಂದರಲ್ಲೇ ಎರಡು ಕಿಲೋ. ರಾತ್ರಿ ಹೋಟೆಲಿನಲ್ಲಿ ಬೇಕಾಗುತ್ತದೆಂದು ಪ್ರತಿ ಪ್ರವಾಸದಲ್ಲೂ ತರುತ್ತಿದ್ದರಂತೆ. ಇಷ್ಟು ವರ್ಷವೂ ತಮ್ಮ ಹಾಳೆಯ ಆ ಕೊನೆಯ ಸಾಲನ್ನು ಒಬ್ಬರೂ ಪಾಲಿಸಿಲ್ಲವೆಂಬುದು ಮೂರ್ತಿಗಳಿಗೆ ಅವತ್ತೇ ಗೊತ್ತಾದದ್ದು.

ಸ್ಲೌಸ್ ತಲುಪಿದಾಗ ಹನ್ನೆರಡೂವರೆ. ಎಲ್ಲರೂ ಗೋಪುರದ ಎದುರಿನ ಬೆಂಚುಗಳಲ್ಲಿ ಕೂತರು. ವೈದೇಹಿಯವರು ಮಾತ್ರ ಕೂರದೆ, ಉದಯಶಂಕರರನ್ನು ಜೊತೆಗೆ ಕರೆದುಕೊಂಡು ಹತ್ತಿರದ ಸೂಪರ್‌ಮಾರ್ಕೆಟ್ಟಿಗೆ ನಡೆದರು. ಹೋದವರು ಹತ್ತು ನಿಮಿಷಕ್ಕೆ ಮರಳಿದರು. ಉದಯಶಂಕರರ ಎರಡೂ ಕೈಯಲ್ಲಿ ದೊಡ್ಡ ದೊಡ್ಡ ರಟ್ಟಿನ ಪ್ಯಾಕೆಟ್ಟುಗಳು.

"ಮಜ್ಜಿಗಿ ಐತ್ರೀ," ಎಂದರು ವೈದೇಹಿ, ಏದುಸಿರು ಬಿಡುತ್ತ. "ಇವ್ರೂ ನಮ್ಹಂಗ ಮಜ್ಜಿಗಿ ಕುಡಿಯೋ ಮಂದಿ. ಒಂದ್ ಕಪಾಟ ತುಂಬ ಬರೇ ಅದ ಇಟ್ಟಾರ."

ಡಚ್ಚರ ದಿನನಿತ್ಯದ ಮಜ್ಜಿಗೆ ಅದು. ಒಳ್ಳೆ ಹುಳಿ, ಒಳ್ಳೆ ಗಟ್ಟಿ. ಖಾಲಿ ಡಬ್ಬಿಗಳನ್ನು ತೊಳೆದು ಅವಲಕ್ಕಿ ನೆನೆಹಾಕಿದರು. ಮಿಡಿ ಉಪ್ಪಿನಕಾಯಿ ಕೈಯಿಂದ ಕೈಗೆ ಹೋಯಿತು. ಒಂದು ಗಂಟೆಗೆ ಗೋಪುರದ ಮರದ ಗೊಂಬೆ ಗಂಟೆ ಹೊಡೆದಾಗ ಯಾರೂ ತಲೆಯೆತ್ತಿ ನೋಡಲಿಲ್ಲ, ಅಷ್ಟು ಹಸಿವು. ಏಪ್ರಿಲ್‌ನಲ್ಲಿ ಮೂರ್ತಿಗಳು ಅದೇ ಅಂಗಡಿಗೆ ಹೋಗಿದ್ದರು. ಒಳಗೆ ಶೌಚಾಲಯವಿಲ್ಲ ಎಂದು ಬರೆದುಕೊಂಡು ಹಾಗೇ ಹೊರಗೆ ಬಂದಿದ್ದರು.

ಸಂಜೆ ಕೋಟೆದಿಬ್ಬದ ಮೇಲೆ ನಡೆಯುವಾಗ ಅವರು ವೈದೇಹಿಯವರ ಹತ್ತಿರ ಕ್ಷಮೆ ಕೇಳಿದರು. ಬರುವ ವರ್ಷದಿಂದ ತಾನು ಈ ಕೆಲಸಕ್ಕಿಲ್ಲ, ನಂಬಿ ಬಂದವರನ್ನು ಹಸಿವಿನಲ್ಲಿ ಕೂರಿಸುವ ಹಾಗಾಯಿತು ಎಂದರು. ವೈದೇಹಿ ನಿಂತು ಉಸಿರು ತೆಗೆದುಕೊಂಡರು. ಕೆಳಗೆ ಬಯಲು, ಅದರಾಚೆ ಬೆಲ್ಜಿಯಂ. ಎರಡರ ನಡುವೆ ಬೇಲಿಯೂ ಕಾಣುತ್ತಿರಲಿಲ್ಲ.

"ಮೂರ್ತಿಯವರ, ನೀವು ಬಿಟ್ರ ನಾ ಮತ್ತ ಮನ್ಯಾಗ ಕೂಡ್ತೀನಿ. ಅದೊಂದು ನೆನಪಿಡ್ರಿ."

"ಮತ್ತೆ ಇವತ್ತಾಗಿದ್ದು?"

"ಇವತ್ತ ಏನಾತು? ಹೊಟ್ಟಿ ತುಂಬ ಉಂಡೇವಿ. ನೀವು ಒಬ್ರ ಹೋಗ್ತೀರಿ, ಅದ ತಪ್ಪು. ಮುಂದಿನ ಸಲ ನಾನೂ ಬರ್ತೀನಿ ನಿಮ್ ಕೂಡ. ಇಂದೂನೂ ಬರ್ಲಿ."

ಇವರೊಂದಿಗೆ ಹೋದರೆ ನಿಧಾನವಾಗುತ್ತದೆ, ಎರಡು ದಿನದ ಕೆಲಸಕ್ಕೆ ನಾಲ್ಕು ದಿನ ಬೇಕು ಎಂದು ಮೂರ್ತಿಗಳು ಲೆಕ್ಕ ಹಾಕಿದರು. ಆಮೇಲೆ, ಬಹಳ ಉಪಕಾರವಾಯಿತು ಎಂದಷ್ಟೇ ಹೇಳಿದರು. ಈ ಸಲ ತಪ್ಪಿಸಿಕೊಂಡು ಹೋಗಲು ಟೀ ಸೋಸುವ ಕೆಲಸವಿರಲಿಲ್ಲ.

ಅಕ್ಟೋಬರಿನ ಒಂದು ಬುಧವಾರ, ಮುಂದಿನ ವರ್ಷದ ಊರನ್ನು ನೋಡಿ ಬರಲು ಮೂವರೂ ಹೊರಟರು. ಹ್ಯಾರೋ ಸ್ಟೇಷನ್ನಿನ ಪ್ಲಾಟ್‌ಫಾರಂನಲ್ಲಿ ಇಂದು ಮತ್ತು ಮೂರ್ತಿಗಳು ಅರ್ಧ ಗಂಟೆ ಮುಂಚೆಯೇ ನಿಂತಿದ್ದರು. ವೈದೇಹಿ ಕಿಂಗ್ಸ್‌ಬರಿಯ ತಮ್ಮ ಮನೆಯಿಂದ ಬರಬೇಕಿತ್ತು, ಬಂದಿರಲಿಲ್ಲ. ರೈಲು ಬಂತು. ಮೂರ್ತಿಗಳು ತಮ್ಮ ಜೀವಮಾನದಲ್ಲಿ ರೈಲು ತಪ್ಪಿಸಿಕೊಂಡವರಲ್ಲ. ಇಂದು ಗಂಡನ ಮುಖ ನೋಡಿದರು.

"ಹೋಗ್ಲಿ ಬಿಡು, ಇನ್ನೊಂದು ಬರುತ್ತೆ," ಎಂದರು ಮೂರ್ತಿಗಳು.

ಬಾಗಿಲು ಮುಚ್ಚಿ ರೈಲು ಹೋಯಿತು. ಮೂರ್ತಿಗಳು ಮೆಟ್ಟಿಲ ಕಡೆಗೆ ನೋಡುತ್ತ ನಿಂತರು.