ಒಂದೇ ಥರದ ಕೆಂಪು ಮಣಿ

ಇದನ್ನು ಹೇಳಬೇಕೆಂದು ಕೂತಾಗಲೆಲ್ಲ ಏನಾದರೂ ನೆಪ ಹುಡುಕಿ ಎದ್ದುಬಿಡುತ್ತಿದ್ದೆ. ಈಗಲೂ ಕಾಲು ಬಾಗಿಲ ಕಡೆಗೇ ಎಳೆಯುತ್ತಿದೆ.

ತೊಂಬತ್ತರ ದಶಕದಲ್ಲಿ ಹಲಸೂರಿನಲ್ಲಿ ನನಗೆ ಮರ ಕಡೆಯುವ ಅಂಗಡಿ ಇತ್ತು. ಹಿಂದಿನ ಗಲ್ಲಿಯ ವಯಸ್ಸಾದ ಹೆಂಗಸೊಬ್ಬರು ಲೇಸ್ ಹೆಣೆಯುವ ಪುಟ್ಟ ಮರದ ಕಡ್ಡಿಗಳನ್ನು ನನ್ನಲ್ಲಿ ಮಾಡಿಸುತ್ತಿದ್ದರು. ಕಡ್ಡಿಯ ಒಂದು ತುದಿಗೆ ದಾರ ಸುತ್ತಿ, ಇನ್ನೊಂದು ತುದಿಗೆ ತಂತಿಯಲ್ಲಿ ಮಣಿ ಪೋಣಿಸುತ್ತಿದ್ದರು. ಒಂದಕ್ಕೆ ಹರಿದ ಜಪಸರದ ಮಣಿ, ಇನ್ನೊಂದಕ್ಕೆ ಗಂಡನ ಕೋಟಿನ ಗುಂಡಿ. ಕಣ್ಣು ಮಂಜಾಗಿದ್ದರೂ ದಿಂಬಿನ ಮೇಲೆ ಹರಡಿದ ಕಡ್ಡಿಗಳನ್ನು ತಡವುತ್ತ, ಕಿಟಕಿಯಾಚೆ ನೋಡುತ್ತ ಹೆಣೆಯುತ್ತಿದ್ದರು. ಹೇಗೆ ಎಂದರೆ, "ಕೈಗೆ ಗೊತ್ತು ಮ್ಯಾನ್" ಎನ್ನುತ್ತಿದ್ದರು.

ಅವರ ತಮ್ಮನ ಮಗಳ ಮದುವೆಯ ಮುಸುಕಿಗೆ ಲೇಸ್ ಅರ್ಧ ಆಗಿತ್ತು. ಸಡಿಲವಾದ ಒಂದು ಮಣಿಯನ್ನು ಬಿಗಿ ಮಾಡಲು ನನ್ನನ್ನು ಮನೆಗೆ ಕರೆಸಿ ಅವರು ಚರ್ಚಿಗೆ ಹೋದರು. ನಾನು ಸುಮ್ಮನಿರಲಿಲ್ಲ. ಹಳೆಯ ಮಣಿ, ಗುಂಡಿಗಳನ್ನೆಲ್ಲ ಕಿತ್ತು ಮೋರಿಗೆಸೆದು, ಶಿವಾಜಿನಗರದಲ್ಲಿ ಅವರಿಗೆಂದೇ ಕೊಂಡಿದ್ದ ಕೆಂಪು ಮಣಿಗಳನ್ನು ಎಲ್ಲ ಕಡ್ಡಿಗೂ ಕಟ್ಟಿದೆ.

ಬಂದು ಕೂತವರ ಬೆರಳು ಕಡ್ಡಿಯಿಂದ ಕಡ್ಡಿಗೆ ಓಡಾಡಿ ನಿಂತಿತು.

"ನನ್ ಮಣಿ ಎಲ್ಲಿ ಮ್ಯಾನ್? ಅದನ್ನ ಮುಟ್ಟಿದ್ರೆ ತಾನೇ ಯಾವ ದಾರ ಅಂತ ಕೈಗೆ ಗೊತ್ತಾಗೋದು?"

ಮಾಡಿದ್ದೇನೆಂದು ಆಗ ಹೊಳೆಯಿತು. ಆದರೂ, "ಒಳ್ಳೇದ್ ಮಾಡಕ್ ಬಂದ್ರೆ ಹಿಂಗಾ ಅನ್ನೋದು?" ಎಂದು ರೇಗಿ ಎದ್ದು ಬಂದೆ.

ಹುಡುಗಿ ಅಂಗಡಿಯಲ್ಲಿ ಕೊಂಡ ಮುಸುಕು ಹೊದ್ದು ಮದುವೆಯಾದಳು. ನಾನು ಆ ಗಲ್ಲಿ ಬಿಟ್ಟು ಸುತ್ತಿಕೊಂಡು ಹೋಗತೊಡಗಿದೆ. ಅವರು ತೀರಿಕೊಂಡ ಮೇಲೂ ಹಾಗೇ ಸುತ್ತುತ್ತಿದ್ದೆ. ತಪ್ಪಾಯ್ತು ಎಂದು ನಾನು ಹೇಳದೇ ಉಳಿದದ್ದು ಅವರಿಗೆ, ಆ ಲೇಸ್ ಆಂಟಿಗೆ.