ಶೇಷಮ್ಮನ ಈಜುಕೊಳ

ಸಿರಿಮನೆ ಹತ್ತಿರ ಮೈದುನ ದಿವಾಕರ ನಡೆಸುವ ಹೋಂಸ್ಟೇಯ ಈಜುಕೊಳಕ್ಕೆ ಮೇಗುಂದದ ಶೇಷಮ್ಮ ಸೀರೆಯಲ್ಲೇ ಇಳಿದಾಗ, ಸೀರೆಯೊಳಗೆ ಗಾಳಿ ತುಂಬಿ ಬಲೂನಿನಂತೆ ಉಬ್ಬಿತು. “ಅತ್ತಿಗೆ, ಇದು ಎಮ್ಮೆ ತೊಳೆಯೋ ಕೆರೆ ಅಲ್ಲ, ಮೇಲೆ ಬನ್ನಿ” ಎಂದ ದಿವಾಕರ. ಅತಿಥಿಗಳೆಲ್ಲ ನಕ್ಕರು. ಶೇಷಮ್ಮನೂ ನಕ್ಕಳು, ಅವಳು ಹಾಗೆ ನಕ್ಕರೆ ಮನೆಯವರು ಹೆದರುತ್ತಾರೆ.

ಮರುವಾರವೇ ಶಿವಮೊಗ್ಗದಿಂದ, ನೆಲದ ಮೇಲೆ ನಿಲ್ಲಿಸುವ ಈಜುಕೊಳ ತಂದಳು. ಗಾಳಿ ತುಂಬುವಂಥದ್ದು ಮನೆ ಬೆಕ್ಕಿನ ಉಗುರಿಗೆ ಬಾಳದೆಂದು ಉಕ್ಕಿನ ಚೌಕಟ್ಟಿನದನ್ನೇ ಆರಿಸಿ, ಅಂಗಳ ಮಟ್ಟ ಮಾಡಿಸಿ ನಿಲ್ಲಿಸಿದಳು. ದಿನವೂ ಎಲೆ ತೆಗೆದು, ಫಿಲ್ಟರ್ ತೊಳೆದು, ಕರು ಸಾಕಿದ ಹಾಗೆ ನೋಡಿಕೊಂಡಳು. ಪಾಚಿ ಕಟ್ಟಿದಾಗ ಮಾತ್ರ ಅಂಗಡಿಯವನು ಕೊಟ್ಟ ಪುಡಿಯನ್ನು ಬದಿಗಿಟ್ಟು, ತೋಟಕ್ಕೆ ಹೊಡೆಯುವ ಮೈಲುತುತ್ತ ಸುರಿದಳು. ಔಷಧಿ ಹೊಡೆಯುವವರ ನರೆಗೂದಲು ಅದರಿಂದ ಹಸಿರಾಗುವುದನ್ನು ಅವಳು ಕಂಡವಳೇ. ಆಮೇಲೆ ದಿವಾಕರನಿಗೆ ಫೋನ್ ಮಾಡಿದಳು. “ಭಾನುವಾರ ಬಾ ಮಾರಾಯ, ಕಡುಬು, ಕೋಳಿಸಾರು ಮಾಡ್ತೀನಿ.”

ತನ್ನ ಬೆಳ್ಳಿಗೂದಲಿನ ಮೇಲೆ ಬಹಳ ಅಭಿಮಾನವಿದ್ದ ದಿವಾಕರ ಸಂಜೆಯವರೆಗೂ ಮುಳುಗಿ ಎದ್ದ. ಕನ್ನಡಿ ನೋಡಿದರೆ ತಲೆ ಎಳೆ ಅಡಿಕೆಯಂತೆ ಹಸಿರಾಗಿತ್ತು.

“ಅತ್ತಿಗೆ, ನೀರಿಗೆ ಎಂತ ಹಾಕಿದ್ರಿ?”

ಶೇಷಮ್ಮ ಟವೆಲ್ ಕೊಡುತ್ತಾ ಹೇಳಿದಳು: “ಅಡಿಕೆ ಕೊಳೆರೋಗಕ್ಕೆ ಹೊಡೆಯೋದೇ. ಕೊಳೆ ಒಂದೇ ಸಲಕ್ಕೆ ಹೋಗಲ್ಲ, ತಿಂಗಳು ಬಿಟ್ಟು ಇನ್ನೊಂದ್ಸಲ ಬಾ.”