ಹಗ್ಗದ ಅಂಬಾರಾಯ

ಮುಂಬಯಿ ಹೊರವಲಯದ ದಿವಾದ ಒಂದು ಖೋಲಿಯಲ್ಲಿ ತಾಯಿ ಮರಗಮ್ಮನ ಜೊತೆಗಿರುವ ಅಂಬಾರಾಯನಿಗೆ ವರ್ಷವಿಡೀ ಬೆಟ್ಟದ್ದೇ ದುಡಿಮೆ. ಚಳಿಗಾಲದಲ್ಲಿ ಮನಾಲಿಯ ಕಡೆ ಹೋಗಿ ಹಿಮದ ಮೇಲೆ ಕಾಲೂರಿ ನಡೆಯುವುದನ್ನೂ ಜಾರಿದರೆ ಕೈಗೊಡಲಿ ನೆಟ್ಟು ನಿಲ್ಲುವುದನ್ನೂ ಕಲಿಸುತ್ತಾನೆ. ಮಿಕ್ಕ ತಿಂಗಳು ಸಹ್ಯಾದ್ರಿಯ ಬಂಡೆಗಳಿಂದ ಆಫೀಸಿನವರನ್ನು ಹಗ್ಗ ಕಟ್ಟಿ ಇಳಿಸುತ್ತಾನೆ. ಮೊಣಕಾಲುಗಳು ಸವೆದಿವೆ, ದನಿ ಒಡೆದಿದೆ, ಲೋಕಲ್ ರೈಲಿನಲ್ಲಿ ನಿಂತಲ್ಲೇ ನಿದ್ದೆ ಹೋಗುತ್ತಾನೆ. ಆ ನಿದ್ದೆಯಲ್ಲೂ ಬೆರಳುಗಳು ಸುಮ್ಮನಿರುವುದಿಲ್ಲ. ಒಮ್ಮೆ ಪಕ್ಕದವನ ಬ್ಯಾಗಿನ ಪಟ್ಟಿಯನ್ನು ಕಂಬಿಗೆ ಬಿಗಿದುಬಿಟ್ಟಿದ್ದ; ಪಾಪ, ಅವನು ಠಾಕುರ್ಲಿ ಸ್ಟೇಷನ್ನಿನಲ್ಲಿ ಇಳಿಯಲಾಗದೆ ಇವನೊಂದಿಗೆ ದಿವಾದವರೆಗೂ ಬಂದನಂತೆ. ಕಲಿಯಲು ಬಂದವರು ಹಗ್ಗಕ್ಕೆ ಹಾಕಿದ ಗಂಟನ್ನಂತೂ ನೋಡಿದ್ದನ್ನೇ ನೋಡುತ್ತಾನೆ. "ಸರ್, ಈಗ್ತಾನೆ ನೋಡಿದ್ರಲ್ಲಾ" ಎಂದು ಠಾಣೆ ನಗರದ ಬ್ಯಾಂಕೊಂದರಿಂದ ಬಂದ ವಸಂತ್ ಗೊಣಗಿದರೆ, "ನೋಡೀನ್ರಿ. ಮತ್ತೊಮ್ಮೆ ನೋಡ್ತೀನಿ" ಎನ್ನುತ್ತಾನೆ, ಕೋಪವಿಲ್ಲದೆ, ಉತ್ಸಾಹವೂ ಇಲ್ಲದೆ. ಹೋದ ಭಾನುವಾರ ಮರಗಮ್ಮ ಮಗನ ಕೆಲಸ ನೋಡಲು ಮೊದಲ ಸಲ ಮುಂಬ್ರಾದ ಬಂಡೆಗೆ ಬಂದಳು. ಆನೆಯಂಥ ಆಳೊಬ್ಬ ಹಗ್ಗದಲ್ಲಿ ತೂಗಾಡುತ್ತ ನಗುನಗುತ್ತ ನೆಲ ಮುಟ್ಟಿದ. ಆಕೆ ಹಗ್ಗವನ್ನು ಅಂಗೈಯಲ್ಲಿ ತೂಗಿ, "ಇದು ಎಷ್ಟ ಭಾರ ತಡೀತದ?" ಎಂದು ಕೇಳಿದಳು. "ಎರಡ ಸಾವಿರ ಕಿಲೋ, ಯವ್ವಾ" ಎಂದ ಅಂಬಾರಾಯ. ಅವಳ ಗಂಡ ನವಿ ಮುಂಬಯಿಯ ಕಟ್ಟಡವೊಂದರ ಸಾರವೆಯಿಂದ ಬಿದ್ದು ಸತ್ತಾಗ ಮೈಮೇಲೆ ಹಗ್ಗವಿರಲಿಲ್ಲ. ಕೆಳಗೆ ಇಟ್ಟಿಗೆ ಹೊರುತ್ತಿದ್ದ ಅವಳೇ ಅದನ್ನು ಕಂಡಿದ್ದಳು. ಹಗ್ಗವನ್ನು ಕೆಳಗಿಟ್ಟು ಅವಳೆಂದಳು: "ನಿಮ್ಮಪ್ಪ ಅರವತ್ತ ಕಿಲೋ ಸುದ್ದಾ ಇದ್ದಿಲ್ಲಪಾ."